ಒಂದೂ ಮುಕ್ಕಾಲು ಇಡ್ಲಿಯ ದಿಗ್ವಿಜಯ

ಆ ಸೋಮವಾರ ಬೆಳಗ್ಗೆ ಮಂಜು ಬಿದ್ದಿತ್ತು. ಬಿದ್ದಿತ್ತು ಎಂದು ಹೇಳಿ ಮುಂದೆ ಹೋಗುವಂಥ ಮಂಜಲ್ಲ ಅದು. ದಿಗ್ದಿಗಂತಗಳನ್ನು ಒಂದೇ ತುತ್ತಿಗೆ ನುಂಗಿ, ಉದಯಿಸಲು ಹೊರಟ ಸೂರ್ಯದೇವನನ್ನು ಹೊಸ್ತಿಲಲ್ಲೇ ತಡೆದು ನಿಲ್ಲಿಸಿ, ಕ್ಷೀರಸಾಗರವೇ ದಡ ಮೀರಿ ಹಾಲುಗಲ್ಲು ಎಂಬ ಹೋಬಳಿಯ ಮೇಲೆ ಹರಿದು ಅಲುಗಾಡದೆ ನಿಂತ ಹಾಗಿದ್ದ ಮಂಜು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತವರಿಗೆ ಮುಂದಿನವರ ಬೆನ್ನು ಕಾಣುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೇವಿನ ಮರ ಅರ್ಧಕ್ಕೇ ಮುಗಿದುಹೋಗಿತ್ತು. ಇನ್ನು ಊರಿನ ನೆತ್ತಿಯ ಮೇಲೆ ನಾನೂರ ಇಪ್ಪತ್ತು ಮೀಟರು ಎತ್ತರಕ್ಕೆ ನಿಂತ ಹಾಲುಗಲ್ಲ ಬೆಟ್ಟವಂತೂ ಆ ಹೊತ್ತಿಗೆ ಇರಲೇ ಇಲ್ಲ.

ಕಾಣದೆಯೂ ಇದ್ದಲ್ಲೇ ಇರುವ ಆ ಬೆಟ್ಟಕ್ಕೆ ಮೊದಲ ನಮಸ್ಕಾರ. ಅದರ ತುದಿಯಲ್ಲಿ ಯಾರಿಗೂ ಏನನ್ನೂ ಕೇಳದೆ ಕೂತ ಸಿದ್ದಪ್ಪಸ್ವಾಮಿಗೆ ಎರಡನೆಯದು. ಕಾರ್ತಿಕದ ಕಡೆಯ ಸೋಮವಾರವೆಂಬ ಪುಣ್ಯದಿನಕ್ಕೆ ಮೂರನೆಯದು. ಖಡ್ಗಗಳೆಲ್ಲ ಕುಡುಗೋಲುಗಳಾಗಿ, ಕೋಟೆಗಳೆಲ್ಲ ಮೇಕೆ ಮೇಯುವ ದಿಬ್ಬಗಳಾಗಿ, ಮಹಾಯುದ್ಧಗಳೆಲ್ಲ ಅಡುಗೆಮನೆಗೆ ಬಂದು ನೆಲೆಸಿರುವ ಈ ನಮ್ಮ ಕಾಲಕ್ಕೂ ಒಂದು ನಮಸ್ಕಾರವಿರಲಿ. ಏಕೆಂದರೆ ಈಗ ಹೇಳಹೊರಟ ಸಮರ ನಡೆದದ್ದು ಅಡುಗೆಮನೆಯಲ್ಲಿ, ಬೆಳಗ್ಗೆ ಐದೂವರೆಗೆ, ಇಡ್ಲಿ ಪಾತ್ರೆಯ ಆವಿ ಮತ್ತು ಕಿಟಕಿಯಿಂದ ನುಗ್ಗಿದ ಮಂಜು ಒಂದಕ್ಕೊಂದು ಕೈಕುಲುಕುತ್ತಿದ್ದ ಶುಭಮುಹೂರ್ತದಲ್ಲಿ.

ಆವಿಯ ನಡುವೆ ನಿಂತಿದ್ದರು ಮರುಳಸಿದ್ದಯ್ಯ ಮೇಷ್ಟ್ರು. ಮೂವತ್ತಮೂರು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನೂ ಗಣಿತವನ್ನೂ ಜೋಡುಕುದುರೆಗಳಂತೆ ಓಡಿಸಿ ನಿವೃತ್ತರಾದ ಸಮೀಕರಣಸಿಂಹರು. ಸೀಮೆಸುಣ್ಣದ ಧೂಳಿಯಿಂದ ಧವಳಿತವಾದ ಬಲಗೈಯುಳ್ಳವರು. ದಪ್ಪ ಗಾಜಿನ ಕನ್ನಡಕವೆಂಬ ವಜ್ರಕವಚವನ್ನು ಮೂಗಿನ ತುದಿಯಲ್ಲಿ ಧರಿಸಿದವರು. ಅವರ ಎಡಗೈಯಲ್ಲಿ ಒಂದು ಇಡ್ಲಿಯಿತ್ತು. ಬಲಗೈಯಲ್ಲಿ ಕೋನಮಾಪಕವಿತ್ತು. ಇಡ್ಲಿಯ ಕೇಂದ್ರಬಿಂದುವನ್ನು ಹುಡುಕಿ, ತೊಂಬತ್ತು ಡಿಗ್ರಿಗೆ ಸರಿಯಾಗಿ ಗುರುತು ಮಾಡಿ, ಆ ಮಹಾಪುರುಷರು ಅದರಿಂದ ಕಾಲು ಭಾಗವನ್ನು ಕತ್ತರಿಸಿ ತೆಗೆದರು.

ಈ ಘೋರಕೃತ್ಯಕ್ಕೆ ಕಾರಣವಿದೆ. ಹೋದ ವರ್ಷದ ಕಡೆಯ ಸೋಮವಾರ, ಎರಡು ಸಾವಿರದ ಮುನ್ನೂರು ಮೆಟ್ಟಿಲುಗಳ ಆ ಬೆಟ್ಟದಲ್ಲಿ, ಸಾವಿರದ ನಾನೂರನೆಯ ಮೆಟ್ಟಿಲಿನ ಮೇಲೆ ಮೇಷ್ಟ್ರು ಕೂತುಬಿಟ್ಟಿದ್ದರು. ಕಣ್ಣು ಕತ್ತಲಿಟ್ಟಿತ್ತು. ಅಲ್ಲಿಂದ ಅವರನ್ನು ಸೋಡ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯೆಂಬ ಸಿಂಹಾಸನದಲ್ಲಿ ಕೂರಿಸಿ ನಾಲ್ವರು ಹೊತ್ತು ಇಳಿಸಿದ್ದರು. ಮೂವತ್ತೊಂದು ವರ್ಷದಲ್ಲಿ ಅದೊಂದೇ ವರ್ಷ ಸಿದ್ದಪ್ಪನ ದರ್ಶನ ತಪ್ಪಿದ್ದು. ಅಂದಿನಿಂದ ಸಂಜೆ ಅಂಗಳದಲ್ಲಿ ನಿಂತು ಬೆಟ್ಟಕ್ಕೆ ಕೈಮುಗಿಯುವಾಗ ಮೇಷ್ಟ್ರು ತಲೆ ಎತ್ತುತ್ತಿರಲಿಲ್ಲ. ಹೇಳದೆ ಕೇಳದೆ ಮದುವೆ ತಪ್ಪಿಸಿಕೊಂಡವನು ಮದುವೆಮನೆಯವರ ಮುಂದೆ ಹಾದುಹೋಗುವಂತೆ, ಕೈಮುಗಿದು ಬೇಗ ಒಳಗೆ ಬಂದುಬಿಡುತ್ತಿದ್ದರು.

ಅವರ ಹೆಂಡತಿ ಸರ್ವಮಂಗಳಮ್ಮನವರು ಆಗಲೇ ಒಂದು ಮಾತು ಆಡಿ, ಅದಕ್ಕೆ ಗಂಡನಿಂದ ದೀಪದ ಮೇಲೆ ಕೈಯಿಡಿಸಿ ಪ್ರಮಾಣ ಮಾಡಿಸಿಕೊಂಡಿದ್ದರು. ಮುಂದಿನ ಸಲ ಮೆಟ್ಟಿಲಿನ ಮೇಲೆ ಕೂತರೆ, ಅದೇ ಕೊನೆ. ಆಮೇಲೆ ಬೆಟ್ಟದ ಮಾತು ಆ ಮನೆಯಲ್ಲಿ ಎತ್ತಕೂಡದು. ಈಗ ಬಂದಿರುವುದು ಆ ಮುಂದಿನ ಸಲ. ಅಂದರೆ ಅರವತ್ತನಾಲ್ಕು ವರ್ಷದ ನಮ್ಮ ವೀರರು ಇವತ್ತು ಕೂರದೆ ಹತ್ತಿದರೆ ಇನ್ನೂ ಸಿದ್ದಪ್ಪನ ಭಕ್ತರು. ಕೂತರೆ, ಅಂಗಳದಲ್ಲಿ ನಿಂತು ಕೈಮುಗಿಯುವವರು, ಸಾಯುವತನಕ.

ಆದ್ದರಿಂದ ಅವರು ಶಾಸ್ತ್ರದ ಮೊರೆ ಹೊಕ್ಕರು. ಮೂರು ದಿನ ಊಟದ ಮೇಜನ್ನೇ ರಣರಂಗ ಮಾಡಿಕೊಂಡು, ಹಳೇ ಪ್ರಶ್ನೆಪತ್ರಿಕೆಗಳ ಬೆನ್ನಿನ ಮೇಲೆ ಅಕ್ಷೌಹಿಣಿಗಟ್ಟಲೆ ಅಂಕಿಗಳನ್ನು ನಿಲ್ಲಿಸಿ, ಹೋದ ವರ್ಷದ ಸೋಲಿನ ಮೂಲವನ್ನು ಕಂಡುಹಿಡಿದರು. ಸೋಲಿಗೆ ಕಾರಣ ವಯಸ್ಸಲ್ಲ. ಬುತ್ತಿ. ಅವರು ಹೊತ್ತಿದ್ದ ಮೂರಂತಸ್ತಿನ ಕ್ಯಾರಿಯರ್ರು ಎರಡೂವರೆ ಕೆ.ಜಿ. ತೂಗುತ್ತಿತ್ತು. ಹೊಟ್ಟೆಗೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತವನು ಆ ಹೆಚ್ಚಿನದಕ್ಕೂ ಸೇರಿಸಿ ಬೆಟ್ಟ ಹತ್ತಬೇಕಾಗುತ್ತದೆ. ಹಾಗಾದರೆ ಎಷ್ಟು ಬೇಕು. ಮೇಷ್ಟ್ರ ತೂಕ ಎಪ್ಪತ್ತು ಕೆ.ಜಿ. ಬೆಟ್ಟದ ಎತ್ತರ ನಾನೂರ ಇಪ್ಪತ್ತು ಮೀಟರು. ಗುರುತ್ವ ಒಂಬತ್ತು ಬಿಂದು ಎಂಟು. ಗುಣಿಸಿದರೆ ಎರಡು ಲಕ್ಷ ಎಂಬತ್ತೆಂಟು ಸಾವಿರದ ನೂರ ಇಪ್ಪತ್ತು ಜೌಲು. ಈ ಭೀಕರ ಸಂಖ್ಯೆಯನ್ನು ಊಟದ ಭಾಷೆಗೆ ತಿರುಗಿಸಿದಾಗ ಬಂದದ್ದು ಅರವತ್ತೊಂಬತ್ತು ಕಿಲೋ ಕ್ಯಾಲರಿ. ಸರ್ವಮಂಗಳಮ್ಮನವರ ಒಂದು ಇಡ್ಲಿಗೆ ನಲವತ್ತು. ಆದ್ದರಿಂದ ದೇವಾಸುರರು ಬೆಚ್ಚಿಬೀಳುವ ಆ ಪರ್ವತವನ್ನು ಏರಲು ಮನುಷ್ಯನಿಗೆ ಬೇಕಾದ ಒಟ್ಟು ಆಹಾರ: ಒಂದೂ ಮುಕ್ಕಾಲು ಇಡ್ಲಿ.

ಇಳಿಯುವುದಕ್ಕೆ ಏನೂ ಬೇಡ. ಭೂಮಿತಾಯಿಯೇ ಎಳೆದುಕೊಳ್ಳುತ್ತಾಳೆ.

ಕಡೆಯ ಸೋಮವಾರ ದರ್ಶನ ಆಗುವತನಕ ಯಾರೂ ಕಾಫಿಗಿಂತ ಹೆಚ್ಚು ಏನನ್ನೂ ಬಾಯಿಗೆ ಹಾಕುವುದಿಲ್ಲ; ಬುತ್ತಿ ಬಿಚ್ಚುವುದು ಮೇಲೆ, ಮಂಗಳಾರತಿಯ ನಂತರ. ಇದರಿಂದ ಮೇಷ್ಟ್ರ ಸಿದ್ಧಾಂತಕ್ಕೆ ಯಾವ ಬಾಧೆಯೂ ಇರಲಿಲ್ಲ. ಹತ್ತುವಾಗ ದೇಹದ ಭಂಡಾರದಿಂದ ಅರವತ್ತೊಂಬತ್ತು ಖರ್ಚಾಗುತ್ತದೆ, ಮೇಲೆ ಹೋಗಿ ಅರವತ್ತೊಂಬತ್ತು ತುಂಬುವುದು. ಅಷ್ಟೇ ತಾನೆ. ಕತ್ತರಿಸಿದ ಕಾಲು ಇಡ್ಲಿಯನ್ನು ಅವರು ಕಾಂಪೌಂಡಿನ ಮೇಲಿಟ್ಟರು. ಮಂಜಿನೊಳಗಿಂದ ಒಂದು ಕಾಗೆಯ ಮೂತಿ ಮಾತ್ರ ಬಂದು ಅದನ್ನು ತೆಗೆದುಕೊಂಡು ಹೋಯಿತು.

ಇಷ್ಟನ್ನೂ ಸರ್ವಮಂಗಳಮ್ಮನವರು ಹುಳಿಯನ್ನಕ್ಕೆ ಒಗ್ಗರಣೆ ಕೊಡುತ್ತಲೇ ಕೇಳಿಸಿಕೊಂಡರು. ಸೌಟೆಂಬ ದಂಡವನ್ನು ಹಿಡಿದು ನಲವತ್ತು ವರ್ಷ ಆ ಒಲೆಯ ರಾಜ್ಯವನ್ನಾಳಿದ ಆ ಮಹಾತಾಯಿಗೆ ಜೌಲು ಎಂದರೆ ಏನೆಂದು ಗೊತ್ತಿರಲಿಲ್ಲ. ಆದರೆ ಬೆಂಕಿ ಎಂದರೆ ಏನೆಂದು ಗೊತ್ತಿತ್ತು.

"ರೀ, ಹಂಡೆ ಒಲೆಗೆ ಹಾಕಿದ ಸೌದೆ ಎಲ್ಲಾ ನೀರಿಗೇ ಹೋಗುತ್ತಾ? ಬಚ್ಚಲಮನೆ ಗೋಡೆ ಕಾಯಲ್ವಾ, ಹೊಗೆ ಹೋಗಲ್ವಾ? ನೀವು ಬರೀ ನೀರಿನ ಲೆಕ್ಕ ಹಾಕಿದೀರ."

ಮೂವತ್ತಮೂರು ವರ್ಷದಲ್ಲಿ ಯಾವ ಇನ್‌ಸ್ಪೆಕ್ಟರೂ ಕೇಳಿರದ ಪ್ರಶ್ನೆ ಅದು. ಮೇಷ್ಟ್ರು ಬಚ್ಚಲಮನೆ ಬೇರೆ, ಭೌತಶಾಸ್ತ್ರ ಬೇರೆ ಎಂದು ಸಾರಿದರು. ಅದಿರಲಿ, ಈ ಬುತ್ತಿ ನೀವೇನೋ, ಎಂದು ಆಕೆ ಇನ್ನೊಂದು ಮಾತು ತೆಗೆಯುತ್ತಿದ್ದಂತೆ ಅವರು ತರಗತಿಯಲ್ಲಿ ಗಲಾಟೆ ನಿಲ್ಲಿಸುವಾಗಿನ ಹಾಗೆ ಅಂಗೈ ಎತ್ತಿದರು. ಆಕೆ ಒಗ್ಗರಣೆಯ ಕಡೆ ತಿರುಗಿದರು. ಆ ಅಂಗೈ ಎತ್ತಿದ್ದೇ ಈ ಕಥೆಯ ದೊಡ್ಡ ತಪ್ಪು. ಆದರೆ ಬೆಟ್ಟದ ಮೇಲೆ ಹೋಗುವತನಕ ಅದು ಮೇಷ್ಟ್ರಿಗೆ ತಿಳಿಯದು.

ಒಂದೂ ಮುಕ್ಕಾಲು ಇಡ್ಲಿಯನ್ನು ಮೇಷ್ಟ್ರು ಪುಟ್ಟ ಸ್ಟೀಲ್ ಡಬ್ಬಿಯಲ್ಲಿಟ್ಟರು. ಚಟ್ನಿ ಇಲ್ಲ. ಚಟ್ನಿಗೂ ತೂಕವಿದೆ. ಆಮೇಲೆ, ಈ ವೈಜ್ಞಾನಿಕ ಸತ್ಯ ಮಂಜಿನಲ್ಲಿ ಕರಗಿಹೋಗಬಾರದೆಂದು, ಲೆಕ್ಕವನ್ನೆಲ್ಲ ಒಂದು ಚೀಟಿಯಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು, ಮಡಿಸಿ ಇಡ್ಲಿಯ ಪಕ್ಕದಲ್ಲಿ ಇಟ್ಟು, ಮುಚ್ಚಳ ಹಾಕಿದರು.

ಆಗ ಬೀದಿಬಾಗಿಲಲ್ಲಿ ಮಂಜು ಸೀಳಿಕೊಂಡು ಪಂಚಾಕ್ಷರಿ ಪ್ರತ್ಯಕ್ಷನಾದನು. ಸರ್ವಮಂಗಳಮ್ಮನವರ ತಮ್ಮ, ಬಸ್‌ಸ್ಟ್ಯಾಂಡಿನ ಇಡ್ಲಿ ಹೋಟೆಲಿನ ಚಕ್ರವರ್ತಿ, ಉದ್ದಿನಹಿಟ್ಟಿನ ಮಹಾರ್ಣವವನ್ನು ದಿನವೂ ಕಡೆಯುವ ಮಂದರಬಾಹು. ಅವನ ಹೊಟ್ಟೆ ಮೊದಲು ಒಳಗೆ ಬಂತು, ಅವನು ಹಿಂದಿನಿಂದ ಬಂದನು. ಭುಜದ ಮೇಲೊಂದು ಗೋಣಿಚೀಲದಷ್ಟು ದೊಡ್ಡ ಗಂಟು. ಹದಿನಾರು ಇಡ್ಲಿ, ಎಂಟು ವಡೆ, ಒಂದು ಸೇರು ಚಿತ್ರಾನ್ನ, ಬಾಳೆಎಲೆಯಲ್ಲಿ ಕೇಸರಿಬಾತು. ಈ ಮನುಷ್ಯ ಇದನ್ನೆಲ್ಲ ಯಾಕಾದರೂ ಹೊರುತ್ತಾನೆ ಎಂದು ಮೇಷ್ಟ್ರು ಪ್ರತಿವರ್ಷವೂ ಮನಸ್ಸಿನಲ್ಲೇ ಅಸಹ್ಯಪಟ್ಟುಕೊಂಡಿದ್ದರು.

ಇಬ್ಬರು ವೀರರೂ ಎದುರುಬದುರಾದರು. ಮೇಷ್ಟ್ರು ಡಬ್ಬಿಯನ್ನು ಅಂಗೈ ಮೇಲಿಟ್ಟು ಎತ್ತಿ ಹಿಡಿದು ಗರ್ಜಿಸಿದರು. ಎಲೈ ಪಿಷ್ಟಭಕ್ಷಕನೇ, ನಿನ್ನ ಗಂಟಿನ ಭಾರದಿಂದ ನೀನೇ ಬಾಗಿರುವೆ, ಅಜ್ಞಾನವನ್ನು ಹೊತ್ತು ಬೆಟ್ಟ ಹತ್ತುವವನು ನೀನು, ಜ್ಞಾನವನ್ನು ಜೇಬಿನಲ್ಲಿಟ್ಟುಕೊಂಡು ಹತ್ತುವವನು ನಾನು, ಶಿಖರದಲ್ಲಿ ಯಾರು ನಗುತ್ತಾರೋ ನೋಡೋಣ, ಎಂಬುದು ಆ ಗರ್ಜನೆಯ ಸಾರ. ಬಾಯಿಂದ ಹೊರಟದ್ದು ಇಷ್ಟು: "ಇದಿಷ್ಟೇ ಕಣಯ್ಯಾ ಸಾಕು, ಲೆಕ್ಕ ಹಾಕಿದೀನಿ."

ಪಂಚಾಕ್ಷರಿ ಡಬ್ಬಿ ತೆಗೆದು ನೋಡಿದನು. ಪ್ರಳಯಕಾಲದ ಮೇಘದಂತೆ ಅವನ ಹೊಟ್ಟೆ ಒಮ್ಮೆ ಕುಲುಕಿತು.

"ಭಾವ, ನನ್ನ ಹೋಟ್ಲಲ್ಲಿ ಇದನ್ನ ಕೊಟ್ರೆ ಗಿರಾಕಿ ಪ್ಲೇಟು ಎಸೀತಾನೆ," ಎಂದು ಹೇಳಿ, ಮತ್ತೇನನ್ನೂ ಕೇಳದೆ ಮುಚ್ಚಳ ಹಾಕಿ ವಾಪಸು ಕೊಟ್ಟನು.

ಮೂವರೂ ಹೊರಟರು. ದಂಡಯಾತ್ರೆ ಬೆಟ್ಟದ ಬುಡ ಮುಟ್ಟುವ ಹೊತ್ತಿಗೆ ಊರೂರಿನ ಜನ ಮಂಜಿನೊಳಗಿಂದ ಒಬ್ಬೊಬ್ಬರಾಗಿ ಹುಟ್ಟಿ ಬಂದು ಮೆಟ್ಟಿಲಿನ ಮೇಲೆ ಸಾಲುಗಟ್ಟಿದ್ದರು. ಸಿದ್ದಪ್ಪಾ ಎಂದು ಮೊದಲ ಮೆಟ್ಟಿಲಿಗೆ ಅರಿಶಿನ ಹಚ್ಚಿ, ಮೇಷ್ಟ್ರು ಪಾದವೆತ್ತಿ ಇಟ್ಟರು. ಮಂದಮಾರುತ ಬೀಸಿತು. ಪುಷ್ಪವೃಷ್ಟಿ ಆಗಲಿಲ್ಲ, ಅದರ ಬದಲು ಮೇಲಿನ ಬಂಡೆಯಿಂದ ಒಂದು ಮಂಗ ಕಡಲೆಕಾಯಿ ಸಿಪ್ಪೆ ಎಸೆಯಿತು.

ಮೊದಲ ಐನೂರು ಮೆಟ್ಟಿಲುಗಳನ್ನು ನಮ್ಮ ವೀರರು ಹೇಗೆ ಏರಿದರೆಂಬುದನ್ನು ವರ್ಣಿಸಲು ಸಾವಿರ ನಾಲಗೆ ಸಾಲದು. ಪ್ರತಿ ಮೆಟ್ಟಿಲಿಗೂ ನೂರ ಇಪ್ಪತ್ತೈದು ಜೌಲಿನ ಹಾಗೆ ಬೆಟ್ಟದ ಬಾಕಿಯನ್ನು ತೀರಿಸುತ್ತ, ಹಿಂದೆ ಬೀಳುವ ಪಂಚಾಕ್ಷರಿಯ ಏದುಸಿರನ್ನು ಜಯಭೇರಿಯಂತೆ ಆಲಿಸುತ್ತ, ಅವರು ನಡೆದರು. ಸಾವಿರದ ತನಕವೂ ನಡೆದರು. ಸಾವಿರದ ನೂರಕ್ಕೆ ಅಂಗಿ ಬೆನ್ನಿಗೆ ಅಂಟಿತು. ಮಂಜಿನ ನಡುವೆ, ಹಲ್ಲು ಕಟಕಟ ಎನ್ನುವ ಆ ಚಳಿಯಲ್ಲಿ, ಮೇಷ್ಟ್ರ ಬೋಳುತಲೆಯಿಂದ ಆವಿ ಏಳತೊಡಗಿತು. ಕಿವಿ ಬಿಸಿಯಾಯಿತು. ಅಂಗೈ ಬಿಸಿಯಾಯಿತು. ಬೆಟ್ಟಕ್ಕೆ ಒಂದು ಜೌಲೂ ಸಲ್ಲದ ಬೆನ್ನು, ಕತ್ತು, ಕೆನ್ನೆಗಳೆಲ್ಲ ಕಾದು ಕೆಂಪಗಾದವು. ಸಾವಿರದ ಇನ್ನೂರನೆಯ ಮೆಟ್ಟಿಲಿನಲ್ಲಿ, ಯಾವ ಗುರುವೂ ಹೇಳಿಕೊಡದೆ, ಮರುಳಸಿದ್ದಯ್ಯನವರಿಗೆ ಜ್ಞಾನೋದಯವಾಯಿತು. ಬಚ್ಚಲಮನೆಯ ಗೋಡೆ ಕಾಯುತ್ತಿದೆ.

ನಾಲ್ಕು ಪಾಲು ಸೌದೆ ಉರಿದರೆ ಒಂದು ಪಾಲು ನೀರಿಗೆ. ಉಳಿದ ಮೂರು ಪಾಲು ಗೋಡೆಗೆ. ಅದೂ ಬರೀ ಹತ್ತುವ ಲೆಕ್ಕ. ಉಸಿರಾಡುವುದಕ್ಕೆ, ನಿಂತಿರುವುದಕ್ಕೆ, ಹೆಂಡತಿಯ ಜೊತೆ ವಾದ ಮಾಡುವುದಕ್ಕೆ ಬೇರೆ. ಒಂದೂ ಮುಕ್ಕಾಲಲ್ಲ, ಏಳು ಇಡ್ಲಿಯಾದರೂ ಬೇಕು. ಈ ಸತ್ಯವನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ತಾವೇ ಪೂರ್ಣಾಂಕ ಕೊಡುತ್ತಿದ್ದರು. ಆದರೆ ಸತ್ಯ ತಿಳಿದರೆ ಉಳಿದ ಮೆಟ್ಟಿಲು ಕಡಿಮೆಯಾಗುತ್ತವೆಯೇ.

ಸಾವಿರದ ನಾನೂರು. ಅದೇ ಮೆಟ್ಟಿಲು. ಪಕ್ಕದಲ್ಲಿ ಅದೇ ಸೋಡ ಅಂಗಡಿ. ಅಂಗಡಿಯ ಮುಂದೆ ಅದೇ ಪ್ಲಾಸ್ಟಿಕ್ ಕುರ್ಚಿ, ಯಾರನ್ನೋ ಕಾಯುತ್ತಿರುವ ಹಾಗೆ ಎರಡೂ ಕೈ ಚಾಚಿಕೊಂಡು. ಮೇಷ್ಟ್ರ ಕಣ್ಣಿನ ಸುತ್ತ ಕಪ್ಪು ಅಂಚು ಕಟ್ಟಿಕೊಂಡು ಬಂತು. ಅವರು ಮೆಟ್ಟಿಲಿನ ಪಕ್ಕದ ಕಂಬಿ ಹಿಡಿದು ನಿಂತರು. ಕೂರುವಂತಿಲ್ಲ. ಕೂತರೆ ಮುಗಿಯಿತು. ಮೇಲೆ ಮಂಜಿನಲ್ಲಿ ಗಂಟೆಯ ಸದ್ದು ಕೇಳಿಸುತ್ತಿತ್ತು, ಹತ್ತಿರವೂ ಅಲ್ಲದೆ ದೂರವೂ ಅಲ್ಲದೆ. ಸಿದ್ದಪ್ಪಾ, ನಿಂತುಕೊಂಡೇ ಬರ್ತೀನಿ, ಸ್ವಲ್ಪ ತಡವಾಗಬಹುದು, ಎಂದು ಅವರು ಮನಸ್ಸಿನಲ್ಲಿ ಹೇಳಿಕೊಂಡರು. ಕಂಬಿ ಹಿಡಿದ ಕೈ ಜಾರತೊಡಗಿತ್ತು.

ಸರ್ವಮಂಗಳಮ್ಮನವರು ಗಂಡನ ಮುಖ ನೋಡಿದರು. ಕಂಬಿಯ ಮೇಲಿನ ಬೆರಳುಗಳನ್ನು ನೋಡಿದರು. ಆಮೇಲೆ ಸೆರಗು ಸರಿಪಡಿಸಿಕೊಂಡು, ಬುತ್ತಿ ಪಕ್ಕಕ್ಕಿಟ್ಟು, ಸಾವಿರದ ನಾನೂರನೆಯ ಮೆಟ್ಟಿಲಿನ ಮೇಲೆ ಕೂತುಬಿಟ್ಟರು.

"ಯಾಕೋ ಕಾಲು ಎಳೀತಿದೆ ನಂಗೆ. ಒಬ್ಬಳೇ ಕೂತಿರೋಕೆ ಒಂಥರಾ. ನೀವೂ ಒಂದ್ಗಳಿಗೆ ಕೂತ್ಕೋಳಿ."

ಆಕೆಯ ಕಾಲು ಎಳೆಯುತ್ತಿರಲಿಲ್ಲ. ಬೆಳಗ್ಗಿನಿಂದ ಆಕೆ ಒಂದು ಸಲವೂ ಕಂಬಿ ಹಿಡಿದಿರಲಿಲ್ಲ. ಇದು ಮೂವರಿಗೂ ಗೊತ್ತಿತ್ತು. ಮೇಷ್ಟ್ರು ಆಕೆಯ ಪಕ್ಕದಲ್ಲಿ ಕುಸಿದರು. ಪಂಚಾಕ್ಷರಿ ಗಂಟು ಇಳಿಸಿ, ಹೆಗಲೊರೆಸಿಕೊಂಡು, ಪ್ರಮಾಣದ ವಿಷಯವಾಗಿ ತೀರ್ಪು ಕೊಟ್ಟನು.

"ಸ್ವಾಮಿ ಕೇಳಿದ್ರೆ ನಾನೇ ಸಾಕ್ಷಿ ಹೇಳ್ತೀನಿ. ಕೂತಿದ್ದು ಅಕ್ಕ. ಭಾವ ಕೂತಿದ್ದು ಅಕ್ಕನ ಪಕ್ಕ."

ಕಾಲು ಗಂಟೆ ಕೂತರು. ಸೋಡ ಅಂಗಡಿಯವನ ಹತ್ತಿರ ಬಿಸಿನೀರು ಈಸಿಕೊಂಡು ಕುಡಿದರು. ಮಂಜು ಒಂದು ಕಡೆ ಹರಿದು, ಕೆಳಗೆ ಊರು ಇಷ್ಟೇ ಇಷ್ಟು ಕಂಡು, ಮತ್ತೆ ಮುಚ್ಚಿಕೊಂಡಿತು. ಆಮೇಲಿನ ಒಂಬೈನೂರು ಮೆಟ್ಟಿಲುಗಳನ್ನು ಮೇಷ್ಟ್ರು ಎಣಿಸಲಿಲ್ಲ. ಎಷ್ಟು ಜೌಲು ಎಂದೂ ಕೇಳಿಕೊಳ್ಳಲಿಲ್ಲ. ಪಂಚಾಕ್ಷರಿಯ ಗಂಟಿನ ಹಿಂದೆ ಹಿಂದೆ, ಎತ್ತಿನ ಹಿಂದೆ ಹೋಗುವ ಗಾಡಿಯ ಹಾಗೆ, ಹೋದರು.

ಸಿದ್ದಪ್ಪನ ಗುಡಿ ದೊಡ್ಡದೇನಲ್ಲ. ಬಂಡೆಯ ಮಗ್ಗುಲಲ್ಲಿ ಒಬ್ಬರು ಬಗ್ಗಿ ಹೋಗುವಷ್ಟು ಬಾಗಿಲು, ಒಳಗೆ ಎಣ್ಣೆ ಕುಡಿದು ಕಪ್ಪಾದ ಗುಂಡುಕಲ್ಲು, ಒಂದು ದೀಪ. ಮೇಷ್ಟ್ರು ಬಗ್ಗಿ ಒಳಗೆ ಹೋದರು. ಎರಡು ವರ್ಷದ ಮಾತು ಹೇಳುವುದಿತ್ತು, ಏನೂ ನೆನಪಾಗಲಿಲ್ಲ. ಕಣ್ಣಲ್ಲಿ ನೀರು ಬಂತು. ಅದಕ್ಕೆ ಎಷ್ಟು ಖರ್ಚಾಯಿತೋ ಯಾರು ಬಲ್ಲರು. ದೀಪ ಅಲುಗಾಡದೆ ಉರಿಯುತ್ತಿತ್ತು. ಅವರು ತಲೆ ಎತ್ತಿ ನೋಡಿದರು, ಬಹಳ ಹೊತ್ತು ನೋಡಿದರು, ಹಿಂದಿದ್ದವರು ಕೆಮ್ಮುವತನಕ.

ಇಲ್ಲಿಗೆ ವೀರಗಾಥೆ ಮುಗಿಯಬೇಕಿತ್ತು. ಆದರೆ ಮಂಗಳಾರತಿ ಆಗಿ ಹೊರಗೆ ಬಂದ ಮೇಷ್ಟ್ರು ಕಲ್ಲುಮಂಟಪದ ಕಡೆ ನೋಡಿದರು, ಮತ್ತು ಅವರ ಮೈಯೊಳಗಿನ ಅಷ್ಟೂ ಶಾಖ ಒಂದೇ ಸಲ ಇಳಿದುಹೋಯಿತು.

ಮಂಟಪದಲ್ಲಿ ಜನ ತಮ್ಮ ತಮ್ಮ ಬುತ್ತಿಗಳನ್ನು ಸಾಲಾಗಿ ಇಡುತ್ತಿದ್ದರು. ಹಾಲುಗಲ್ಲ ಬೆಟ್ಟದಲ್ಲಿ ಕಡೆಯ ಸೋಮವಾರ ಯಾರೂ ತಮ್ಮ ಬುತ್ತಿ ತಾವು ಉಣ್ಣುವುದಿಲ್ಲ. ಎಲ್ಲವನ್ನೂ ಸ್ವಾಮಿಯ ಮುಂದಿಟ್ಟು, ಪೂಜಾರಪ್ಪ ಕಣ್ಣುಮುಚ್ಚಿ ಕೈಗೆ ಸಿಕ್ಕಿದ್ದನ್ನು ಸಿಕ್ಕಿದವರಿಗೆ ಎತ್ತಿ ಕೊಡುತ್ತಾನೆ. ಸಾಹುಕಾರನದು ಕೂಲಿಯವನಿಗೆ, ಕೂಲಿಯವನದು ಸಾಹುಕಾರನಿಗೆ. ಯಾರದೆಂದು ಕೇಳಕೂಡದು. ಉಂಡಾದ ಮೇಲೆ ಬಟ್ಟೆಯನ್ನೋ ಡಬ್ಬಿಯನ್ನೋ ಅದರ ಯಜಮಾನರನ್ನು ಹುಡುಕಿ ವಾಪಸು ಕೊಡಬೇಕು. ಆಗಲೇ ಯಾರದು ಯಾರಿಗೆ ಹೋಯಿತೆಂದು ತಿಳಿಯುವುದು. ಮೂವತ್ತು ವರ್ಷ ಮೇಷ್ಟ್ರು ಹಾಗೆಯೇ ಉಂಡಿದ್ದರು. ಒಂದು ಸಲ ಕುರುಬರ ಹಟ್ಟಿಯ ಮುದ್ದೆ, ಒಂದು ಸಲ ತಹಸೀಲ್ದಾರರ ಮನೆಯ ಹೋಳಿಗೆ. ಪಂಚಾಕ್ಷರಿ ಹೊತ್ತು ತಂದ ಗಂಟನ್ನು ಅವನು ಒಂದು ಸಲವೂ ತಿಂದಿರಲಿಲ್ಲ. ಇದೆಲ್ಲ ಅವರಿಗೆ ಗೊತ್ತೇ ಇತ್ತು. ಗೊತ್ತಿದ್ದೂ, ಮೂರು ದಿನ ಜೌಲುಗಳ ಜೊತೆ ಕಾದಾಡಿದ ರಭಸದಲ್ಲಿ, ತಮ್ಮ ಹೊಟ್ಟೆಗೆ ಎಷ್ಟು ಬೇಕೆಂದು ಅಳೆದು, ಕೊರೆದು, ಪ್ರಮಾಣಪತ್ರ ಸಮೇತ ಕಟ್ಟಿಕೊಂಡು ಬಂದಿದ್ದರು.

ನಾನು ಹೇಳೋಕೆ ಬಂದೆ, ನೀವು ಕೈ ಎತ್ತಿದ್ರಿ, ಎಂದು ಸರ್ವಮಂಗಳಮ್ಮನವರು ಮೆಲ್ಲಗೆ ಹೇಳಿ, ಹುಳಿಯನ್ನದ ಬುತ್ತಿ ಇಟ್ಟರು. ಇಡದೆ ಇರುವಂತಿಲ್ಲ. ಹಿಂದೆ ಸಾಲು ಬೆಳೆದಿತ್ತು. ಮೇಷ್ಟ್ರು ಡಬ್ಬಿಯನ್ನು ಯಾರಿಗೂ ಕಾಣದಂತೆ ಎರಡು ದೊಡ್ಡ ಗಂಟುಗಳ ನಡುವೆ ತೂರಿಸಿದರು.

ಪೂಜಾರಪ್ಪನ ಕೈ ಹಂಚುತ್ತಾ ಬಂತು. ಮೇಷ್ಟ್ರಿಗೆ ಸಿಕ್ಕಿದ್ದು ಕೆಂಪು ಚೌಕಳಿಯ ಹಳೇ ಬಟ್ಟೆಯ ಗಂಟು. ಒಗೆದು ಒಗೆದು ಬಣ್ಣ ಹೋಗಿ, ಹೊಗೆಯ ವಾಸನೆ ಮಾತ್ರ ಹೋಗದೆ ಉಳಿದ ಬಟ್ಟೆ. ಬಿಚ್ಚಿದರೆ ಅಂಗೈ ದಪ್ಪದ ನಾಲ್ಕು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಒಂದು ಅಚ್ಚು ಬೆಲ್ಲ, ಎರಡು ಹಿಡಿ ಬೇಯಿಸಿದ ಕಡಲೆಕಾಯಿ. ಯಾರೋ ಭಾರೀ ಹಸಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಬುತ್ತಿ. ಮೇಷ್ಟ್ರ ಹೊಟ್ಟೆ ಕೂಗಿತು. ಒಂದು ರೊಟ್ಟಿ ಮುರಿದರು, ಬಾಯಿಗಿಟ್ಟರು, ಅದು ಮುಗಿದದ್ದು ಗೊತ್ತಾಗಲಿಲ್ಲ. ಎರಡನೆಯದಕ್ಕೆ ಕೈ ಹಾಕಿದಾಗ ಎದುರಿನ ಕಂಬದ ಬುಡದಲ್ಲಿ ತಮ್ಮ ಡಬ್ಬಿ ಹೊಳೆಯುವುದು ಕಂಡಿತು.

ಅದು ಸಿಕ್ಕಿದ್ದು ಬೆಟ್ಟದ ಆಚೆ ಮಗ್ಗುಲಿನ ಊರಿನ ಮೂಡ್ಲಜ್ಜಿಗೆ. ಎಂಬತ್ತರ ಆಚೆಯ ಮುದುಕಿ, ಬೆನ್ನು ಬಿಲ್ಲಿನಂತೆ ಬಾಗಿತ್ತು. ಪ್ರತಿವರ್ಷ ಆ ಕಡೆಯ ಕಾಲುದಾರಿಯಿಂದ ಒಬ್ಬಳೇ ಹತ್ತಿ ಬರುತ್ತಿದ್ದಳು. ಅವಳ ಪಕ್ಕದಲ್ಲಿ, ವಿಧಿಯೆಂದರೆ ವಿಧಿ, ಪಂಚಾಕ್ಷರಿ ಕೂತು ಯಾರದೋ ಮೊಸರನ್ನ ಉಣ್ಣುತ್ತಿದ್ದನು. ಅಜ್ಜಿ ಡಬ್ಬಿ ತೆರೆದಳು. ಒಳಗೆ ನೋಡಿದಳು. ಚೀಟಿ ಕಂಡು, ಓದು ಬಾರದವಳಾದ್ದರಿಂದ, ಇದೇನಪ್ಪ ಬರೆದವ್ರೆ ಎಂದು ಪಂಚಾಕ್ಷರಿಯ ಕಡೆ ಚಾಚಿದಳು.

ಪಂಚಾಕ್ಷರಿ ಚೀಟಿ ಬಿಡಿಸಿದನು. ಆ ಮುತ್ತಿನಂಥ ಅಕ್ಷರಗಳನ್ನು ಗುರುತಿಸಲು ಅವನಿಗೆ ಎರಡನೇ ನೋಟ ಬೇಕಾಗಲಿಲ್ಲ; ಎಂಟನೇ ತರಗತಿಯಲ್ಲಿ ಅದೇ ಅಕ್ಷರಗಳಲ್ಲಿ ಅವನು ಸೊನ್ನೆ ಪಡೆದಿದ್ದನು. ಅವನು ತಲೆಯೆತ್ತಿ ಮಂಟಪದ ಆಚೆ ಭಾವನನ್ನು ನೋಡಿದನು. ಮೇಷ್ಟ್ರು ರೊಟ್ಟಿ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇನ್ನು ಹತ್ತು ವರ್ಷ ನಡೆಯಬಹುದಾದ ನಗೆ ಆ ಕ್ಷಣ ಪಂಚಾಕ್ಷರಿಯ ಕೈಯಲ್ಲಿತ್ತು.

"ಸಿದ್ದಪ್ಪನ ಹೆಸ್ರು ಬರ್ದವ್ರೆ ಅಜ್ಜಿ," ಎಂದನು ಪಂಚಾಕ್ಷರಿ. "ಕಣ್ಣಿಗೊತ್ಕೊ."

ಮೂಡ್ಲಜ್ಜಿ ಎರಡು ಲಕ್ಷ ಎಂಬತ್ತೆಂಟು ಸಾವಿರದ ನೂರ ಇಪ್ಪತ್ತು ಜೌಲುಗಳನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡಳು. ಆಮೇಲೆ ಮುಕ್ಕಾಲು ಇಡ್ಲಿಯನ್ನು ಎತ್ತಿ, ಆ ನೇರವಾದ ಕೊರೆತವನ್ನು ಬೆರಳಿನಿಂದ ಸವರಿ ನೋಡಿದಳು. ಅವಳ ಮುಖ ಮೃದುವಾಯಿತು.

"ಯಾರ ಮನೇದೋ ಏನೋ, ಪಾಪ. ಇದ್ದಿದ್ದೇ ಎರಡು. ಅದ್ರಾಗೂ ಕಾಲು ಮನೇಲಿ ಮಗಿಗೆ ಬಿಟ್ಟು ಬಂದವ್ರೆ ನೋಡು. ಸಿದ್ದಪ್ಪ ಅವ್ರ ಒಲೆ ಆರದಂಗೆ ನೋಡ್ಕಳ್ಳಪ್ಪ."

ಹೀಗೆಂದು ಆ ತಾಯಿ ಅದನ್ನು ಹಣೆಗೊತ್ತಿ, ಚೂರುಚೂರಾಗಿ ಮುರಿದು, ಒಂದು ಅಗುಳೂ ಬೀಳದ ಹಾಗೆ ಬೊಗಸೆಯಲ್ಲಿ ಹಿಡಿದುಕೊಂಡು ತಿಂದಳು. ಡಬ್ಬಿಯನ್ನು ನೀರು ಹಾಕಿ ತೊಳೆದು, ಸೆರಗಿನಿಂದ ಒರೆಸಿ, ತೊಡೆಯ ಮೇಲಿಟ್ಟುಕೊಂಡು, ಆ ಬಡವರು ಯಾರಿರಬಹುದೆಂದು ಸುತ್ತ ನೋಡತೊಡಗಿದಳು. ಹರಿದ ಅಂಗಿಯವರನ್ನು ಕಂಡರೆ ಅವಳ ಕಣ್ಣು ಅಲ್ಲಿ ನಿಲ್ಲುತ್ತಿತ್ತು. ಇಸ್ತ್ರಿಯ ಅಂಗಿ ತೊಟ್ಟ ಮೇಷ್ಟ್ರ ಮೇಲೆ ನಿಲ್ಲದೆ ಮುಂದೆ ಹೋಯಿತು.

ಸುಮ್ಮನಿದ್ದರೆ ಆಗುತ್ತಿತ್ತು. ಡಬ್ಬಿ ಹೋದರೆ ಹೋಗಲಿ ಎಂದು ಇಳಿದು ಹೋಗಬಹುದಿತ್ತು. ಪಂಚಾಕ್ಷರಿ ಬಾಯಿ ಬಿಡುವುದಿಲ್ಲ, ಅದು ಈಗ ಖಚಿತ. ಆದರೆ ಗುಡಿಯ ಬಾಗಿಲು ತೆರೆದೇ ಇತ್ತು, ಒಳಗಿನ ದೀಪ ಅಲ್ಲಿಂದ ಕಾಣುತ್ತಿತ್ತು. ಈಗ ತಾನೇ ಎತ್ತಿದ ತಲೆಯನ್ನು ಮತ್ತೆ ಬಗ್ಗಿಸಿಕೊಂಡು ಮನೆಗೆ ಹೋಗಬೇಕೆ. ಮೇಷ್ಟ್ರು ರೊಟ್ಟಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದರು. ಎರಡು ಸಾವಿರದ ಮುನ್ನೂರು ಮೆಟ್ಟಿಲು ಒಂದು ತೂಕ. ಮಂಟಪದ ಈ ಕಂಬದಿಂದ ಆ ಕಂಬಕ್ಕೆ ಇದ್ದ ಹನ್ನೆರಡು ಹೆಜ್ಜೆ ಇನ್ನೊಂದು ತೂಕ. ನಡೆದು ಹೋಗಿ ಅಜ್ಜಿಯ ಎದುರು ನೆಲದ ಮೇಲೆ ಕೂತರು.

"ಅಜ್ಜಿ, ಆ ಡಬ್ಬಿ ನಂದು. ನಮ್ಮನೇಲಿ ಬಡತನ ಇಲ್ಲ. ಲೆಕ್ಕ ಹಾಕಿ ಕಟ್ಕೊಂಡು ಬಂದಿದ್ದು."

ಅಜ್ಜಿ ಅವರ ಮುಖ ನೋಡಿದಳು. ಅವರ ಕೈಯಲ್ಲಿದ್ದ ತನ್ನ ಕೆಂಪು ಬಟ್ಟೆ ನೋಡಿದಳು.

"ಎಷ್ಟು ಜನಕ್ಕೆ ಹಾಕಿದ್ದಪ್ಪ ಲೆಕ್ಕ?"

"ಒಬ್ಬನಿಗೆ."

"ಅದ್ಕೇ ಕಮ್ಮಿ ಬಂದೈತೆ," ಎಂದಳು ಮೂಡ್ಲಜ್ಜಿ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೇಳುವವಳ ಹಾಗೆ ಹೇಳಿದಳು. ಬೈಗುಳವೂ ಅಲ್ಲ, ಉಪದೇಶವೂ ಅಲ್ಲ. ಡಬ್ಬಿಯನ್ನು ಮೇಷ್ಟ್ರ ಮೊಣಕಾಲಿನ ಪಕ್ಕ ಇಟ್ಟಳು.

ಮೇಷ್ಟ್ರು ಗಂಟನ್ನು ಇಬ್ಬರ ನಡುವೆ ಬಿಡಿಸಿ ಹಾಸಿದರು. ಉಳಿದ ಮೂರು ರೊಟ್ಟಿಯಲ್ಲಿ ಒಂದನ್ನು ಅಜ್ಜಿ ಎತ್ತಿಕೊಂಡಳು, ಒಂದನ್ನು ಮೇಷ್ಟ್ರ ಕಡೆ ನೂಕಿದಳು. ಹಲ್ಲಿಲ್ಲದ್ದರಿಂದ ತನ್ನ ರೊಟ್ಟಿಯನ್ನು ನೀರಿನಲ್ಲಿ ನೆನೆಸಿಕೊಂಡು, ಆ ಕಡೆಯ ದಾರಿಯಲ್ಲಿ ಈ ಸಲ ಮುಳ್ಳು ಜಾಸ್ತಿ ಎಂದೂ, ತನ್ನ ಸೊಸೆ ರೊಟ್ಟಿ ತಟ್ಟುವಾಗ ಎಷ್ಟು ಹೇಳಿದರೂ ದಪ್ಪ ಮಾಡುತ್ತಾಳೆ ಎಂದೂ ಹೇಳಿದಳು. ಸರ್ವಮಂಗಳಮ್ಮನವರು ತಮಗೆ ಸಿಕ್ಕಿದ್ದ ಅವಲಕ್ಕಿಯನ್ನು ತಂದು ಸುರಿದು, ಅಲ್ಲೇ ಕೂತರು. ಪಂಚಾಕ್ಷರಿ ಯಾರೂ ಕರೆಯದೆ ಹತ್ತಿರ ಜರುಗಿ ಕಡಲೆಕಾಯಿ ಸುಲಿಯತೊಡಗಿದನು, ಮತ್ತು ಇಷ್ಟು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಅವನ ಹೊಟ್ಟೆಯನ್ನು ನೋಡದೆ ಅವನನ್ನು ನೋಡಿದರು. ಕೊನೆಯ ರೊಟ್ಟಿ ನಾಲ್ಕು ಪಾಲಾಯಿತು. ಕೋನಮಾಪಕ ಇಲ್ಲದ್ದರಿಂದ ಪಾಲುಗಳು ಸಮವಾಗಿರಲಿಲ್ಲ.

ಮಂಜು ಕರಗಿ ಬಿಸಿಲು ಮಂಟಪದೊಳಕ್ಕೆ ಬಂದಿತ್ತು. ದಿಗ್ವಿಜಯಿ ಮರುಳಸಿದ್ದಯ್ಯನವರು ಬಟ್ಟೆಯನ್ನು ಎತ್ತಿ, ಚೂರುಗಳನ್ನು ಇರುವೆಗಳ ಕಡೆ ಕೊಡವಿ, ತುದಿಗೆ ತುದಿ ಕೂಡಿಸಿ ಎರಡು ಸಲ ಮಡಿಸಿ, ಅಜ್ಜಿಯ ಕೈಗೆ ಕೊಟ್ಟರು.